ನಾಚಿಕೆಗೇಡಿಯೂ ನಾಚಿಕೆ ಬಿಟ್ಟವನೂ

ನಿರ್ಲಜ್ಜನೆಂದರೆ ಯಾರು ಎಂದು ಕೇಳಿದರೆ ನಾಚಿಕೆಯಿಲ್ಲದವನು, ನಾಚಿಕೆಗೆಟ್ಟವನು, ನಾಚಿಕೆ ಬಿಟ್ಟವನು ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಈ ಮೂರೂ ಒಂದೇ ಎಂದು ನಾನೂ ನಂಬಿದ್ದೆ. ಹಾಗಲ್ಲವೆಂದು ತಿಳಿದದ್ದು ತರಗತಿಯಲ್ಲಲ್ಲ, ಯಾದವಗಿರಿಯ ಬೀದಿಯಲ್ಲಿ.

ನಾಚು ಎಂಬುದು ಅಚ್ಚಗನ್ನಡ ಧಾತು. ಹಳಗನ್ನಡದಲ್ಲಿ ನಾಣ್ ಎಂಬ ರೂಪವೂ ಉಂಟು. ತಮಿಳು ಮಲೆಯಾಳಗಳಲ್ಲಿಯೂ ಇದರ ಒಡಹುಟ್ಟುಗಳಿವೆ. (ನಾಣ್ಣುಡಿಗೂ ಇದಕ್ಕೂ ನಂಟಿಲ್ಲ, ಅದು ನಾಡಿನ ನುಡಿ.) ಲಜ್ಜೆ ಸಂಸ್ಕೃತದಿಂದ ಬಂದುದು, ಅದರ ಹಿಂದೆ 'ನಿರ್' ಹತ್ತಿದರೆ ನಿರ್ಲಜ್ಜ. ಈ 'ನಿರ್' ಎಂಬುದು ಇಲ್ಲ ಎಂದಷ್ಟೇ ಹೇಳುತ್ತದೆ. ಇದ್ದದ್ದು ಹೇಗೆ ಹೋಯಿತೆಂದು ಹೇಳುವುದಿಲ್ಲ. ಕನ್ನಡವಾದರೋ ಅದನ್ನೂ ಹೇಳುತ್ತದೆ. ಕೆಡು ಧಾತುವಿನಿಂದ ಕೇಡು, ಕೇಡಿ. ನಾಚಿಕೆಯೊಡನೆ ಸೇರಿದಾಗ ಕಕಾರಕ್ಕೆ ಗಕಾರ ಆದೇಶವಾಗುತ್ತದೆ. ಕೆಲಸ ನಾಚಿಕೆಗೇಡು, ಮಾಡಿದವನು ನಾಚಿಕೆಗೇಡಿ. ಇವನಲ್ಲಿ ನಾಚಿಕೆ ಒಮ್ಮೆ ಇತ್ತು. ಹಾಲು ಕೆಟ್ಟಂತೆ ಕೆಟ್ಟಿತು. ಭಂಡನದು ಬೇರೆ ಜಾತಿ: ಸಿಕ್ಕಿಬಿದ್ದ ಮೇಲೂ ಎದೆ ಸೆಟೆಸಿ ನಿಲ್ಲುವವನು. ಪರೀಕ್ಷೆಯ ಕೊಠಡಿಯಲ್ಲಿ ಇಂಥವರನ್ನು ಕಂಡಿದ್ದೇವೆ, ಹೆಸರು ಬೇಡ.

ಬಿಡುವುದು ಹಾಗಲ್ಲ. ಅರ್ಥವಾಗದಿದ್ದರೆ 'ನಾಚಿಕೆ ಬಿಟ್ಟು ಕೇಳಿ' ಎಂದು ಅಧ್ಯಾಪಕರು ಹೇಳುತ್ತಾರೆ. 'ನಾಚಿಕೆಗೆಟ್ಟು ಕೇಳಿ' ಎಂದು ಯಾರೂ ಹೇಳರು. ಹಣಕಾಸು, ವಿದ್ಯೆ, ಊಟ, ವ್ಯವಹಾರಗಳಲ್ಲಿ ಲಜ್ಜೆ ಬಿಟ್ಟವನು ಸುಖಿ ಎಂಬ ಅರ್ಥದ ಹಳೆಯ ಸಂಸ್ಕೃತ ಸುಭಾಷಿತವೊಂದಿದೆ. ಅಲ್ಲಿಯ ಪದ ತ್ಯಕ್ತಲಜ್ಜ; ನಿರ್ಲಜ್ಜ ಅಲ್ಲ. ಹಾಗಾದರೆ 'ಮೂರೂ ಬಿಟ್ಟವನು' ಎಂಬ ಬೈಗುಳವೇಕೆ ಎಂದು ಕೇಳಬಹುದು. ಅವನು ಬಿಟ್ಟದ್ದು ನಾಚಿಕೆಯೊಂದನ್ನೇ ಅಲ್ಲವಲ್ಲ. ಮಾನ ಮರ್ಯಾದೆಗಳನ್ನೂ ಜೊತೆಗೆ ಬಿಟ್ಟಿದ್ದಾನೆ.

12ನೆಯ ಶತಮಾನದ ಅಕ್ಕಮಹಾದೇವಿ ಉಟ್ಟದ್ದನ್ನು ತೊರೆದು, ಕೂದಲನ್ನೇ ಮರೆಯಾಗಿಸಿಕೊಂಡು ಕಲ್ಯಾಣಕ್ಕೆ ಬಂದಳು. ಆ ಮರೆಯಾದರೂ ಏಕೆಂದು ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಕೇಳುತ್ತಾನೆ. ಕಂಡರೆ ನಿಮಗೆ ನೋವಾದೀತು ಎಂಬುದು ಅವಳ ಉತ್ತರದ ಸಾರ. ತನ್ನ ನಾಚಿಕೆಯನ್ನು ಬಿಟ್ಟವಳು ಎದುರಿಗಿದ್ದವರ ನಾಚಿಕೆಯನ್ನು ಕಾಯ್ದಳು. ನಾಚಿಕೆಗೇಡಿಗೆ ಇದು ಬಾರದು.

ಇನ್ನು ಬೀದಿಯ ಸಂಗತಿ. ಹೋದ ವರ್ಷ ನನ್ನ ತಾಯಿ ರಾಗಿಹಿಟ್ಟಿನ ಗಂಟನ್ನು ತಲೆಯ ಮೇಲೆ ಹೊತ್ತು, ಯಾದವಗಿರಿಯ ಆಕಾಶವಾಣಿಯ ಮುಂದಿನ ರಸ್ತೆಯಲ್ಲಿ ಕಂಡಕಂಡವರಿಗೆಲ್ಲ ನನ್ನ ಹೆಸರು ಹೇಳಿ, ಕೋಣೆ ಎಲ್ಲಿ ಎಂದು ಕೇಳುತ್ತ ಬಂದಳು. ನನ್ನ ಜೊತೆಯಲ್ಲಿ ಗೆಳೆಯರಿದ್ದರು. 'ಹೀಗೆ ಬೀದಿಯಲ್ಲಿ ಕೂಗಲು ನಾಚಿಕೆಯಾಗುವುದಿಲ್ಲವೇ?' ಎಂದುಬಿಟ್ಟೆ.

'ನಾಚಿಕೊಂಡು ಕೂತಿದ್ದರೆ ನೀನು ಸಿಗ್ತಿದ್ದೇನಪ್ಪ?' ಎಂದು ಅವಳು ಗಂಟನ್ನು ಇಳಿಸಿದಳು. ಗೆಳೆಯನೊಬ್ಬ ಅದನ್ನೆತ್ತಿಕೊಂಡು ಅವಳ ಜೊತೆ ಮುಂದೆ ನಡೆದ. ಕೋಣೆ ತಲುಪುವವರೆಗೆ ನನಗೆ ಮಾತು ಹೊರಡಲಿಲ್ಲ.