ಲವಂಗ ಇಟ್ಟ ಹಲ್ಲು

ಸಂಜೆ ಆರರ ಹೊತ್ತು. ತುಮಕೂರಿನ ಓಣಿಯೊಂದರಲ್ಲಿ ಮಹಡಿ ಮೇಲಿನ ಹಲ್ಲಿನ ಕ್ಲಿನಿಕ್ಕು. ಬಾಗಿಲು ತಳ್ಳಿದೊಡನೆ ಲವಂಗದ ವಾಸನೆ. ಹಲ್ಲಿಗೆ ತಾತ್ಕಾಲಿಕವಾಗಿ ತುಂಬುವ ಒಂದು ಬಗೆಯ ಸಿಮೆಂಟಿಗೆ ಲವಂಗದೆಣ್ಣೆಯ ಸಾರವಾದ ಯೂಜಿನಾಲ್ ಬೆರೆಸುತ್ತಾರೆ. ಚಿಕ್ಕಮ್ಮನ ಸೆರಗಿನ ಗಂಟಿನಲ್ಲೂ ಅದೇ ವಾಸನೆ. ಎಡಗಡೆ ಕೆಳದವಡೆ ಹಲ್ಲಿನ ತೂತಿಗೆ ಲವಂಗ ಒತ್ತಿಕೊಂಡೇ ಅವಳು ಒಂದು ತಿಂಗಳು ದೂಡಿದ್ದಳು.

ಹಗಲೆಲ್ಲ ಹೇಗೋ ತಡೆದುಕೊಳ್ಳುವಳು. ರಾತ್ರಿ ತಲೆ ದಿಂಬಿಗೆ ತಾಗಿದರೆ ಸಾಕು, ನೋವು ಕಿವಿಯವರೆಗೂ ಏರುತ್ತಿತ್ತು. ಹಲ್ಲಿನೊಳಗೆ ನರ, ರಕ್ತನಾಳಗಳಿರುವ ತಿರುಳು ಗಟ್ಟಿ ಗೋಡೆಯ ಪುಟ್ಟ ಕೋಣೆಯಲ್ಲಿರುತ್ತದೆ. ಅದು ಬಾತುಕೊಂಡರೆ ಹಿಗ್ಗಲು ಜಾಗವಿಲ್ಲ. ಮಲಗಿದಾಗ ತಲೆಯ ಕಡೆಗೆ ರಕ್ತ ಹೆಚ್ಚು ಹರಿದು ಒತ್ತಡ ಇನ್ನಷ್ಟು ಏರುತ್ತದೆ. ಆಮೇಲೊಂದು ಬೆಳಿಗ್ಗೆ ನೋವು ಇದ್ದಕ್ಕಿದ್ದಂತೆ ನಿಂತಿತು. "ಲವಂಗ ಹಿಡೀತು ನೋಡು ಮಗಾ" ಎಂದಳು. ನಾವೂ ನಂಬಿದೆವು. ನಿಜಕ್ಕೂ ಆ ದಿನ ಹಲ್ಲಿನ ತಿರುಳು ಸತ್ತಿತ್ತು. ಎರಡು ತಿಂಗಳ ನಂತರ ವಸಡಿನಲ್ಲಿ ಕೀವಿನ ಗುಳ್ಳೆ ಎದ್ದು ಕೆನ್ನೆ ಊದಿಕೊಂಡಾಗಲೇ ನಮಗೆ ಗೊತ್ತಾದದ್ದು.

"ಕಿತ್ತಾಕ್ಬಿಡಿ ಡಾಕ್ಟ್ರಮ್ಮ, ಒಂದು ಹಲ್ಲು ತಾನೇ."

"ಬೇಡಿ ಅಮ್ಮ. ಬೇರು ಗಟ್ಟಿಯಾಗಿದೆ. ಇದು ಹೋದರೆ ಪಕ್ಕದ್ದು ಈ ಕಡೆ ವಾಲುತ್ತೆ, ಮೇಲಿನದು ಇಳಿದು ಬರುತ್ತೆ. ಉಳಿಸೋಣ."

ಚಿಕ್ಕಮ್ಮ ಪಾವಗಡದ ಕಡೆಯವಳು. ಅವಳ ಮುಂದಿನ ಹಲ್ಲುಗಳ ಮೇಲೆ ಚಿಕ್ಕಂದಿನಿಂದಲೂ ಕಂದು ಗೆರೆಗಳಿವೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ಕೊಳವೆಬಾವಿ ನೀರಿನ ಗುರುತು ಅದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಹಲ್ಲಿಗೂ ಮೂಳೆಗೂ ಕೇಡು. ಪಾವಗಡ, ಕೋಲಾರ, ಮುಂಡರಗಿಯ ಕಡೆ ಎಷ್ಟೋ ಜನರ ನಗೆಯಲ್ಲಿ ಈ ಗೆರೆಗಳನ್ನು ಕಂಡಿದ್ದೇನೆ. ಅದೇ ಫ್ಲೋರೈಡ್ ಪೇಸ್ಟಿನಲ್ಲಿ ಹಿತಮಿತವಾಗಿದ್ದರೆ ಹುಳುಕನ್ನು ತಡೆಯುತ್ತದೆ.

ದವಡೆಯ ಹಿಂಬದಿಗೆ ಒಂದು ಇಂಜೆಕ್ಷನ್. ಹತ್ತು ನಿಮಿಷದಲ್ಲಿ ಚಿಕ್ಕಮ್ಮ ತುಟಿ ಮುಟ್ಟಿ ನೋಡಿಕೊಂಡಳು. ಅರ್ಧ ತುಟಿ ಮರಗಟ್ಟಿತ್ತು. ಹಲ್ಲಿನ ಸುತ್ತ ರಬ್ಬರಿನ ತೆಳು ಹಾಳೆ ಬಿಗಿದರು. ಡ್ರಿಲ್ಲಿನ ಕೀರಲು ದನಿ ಕೆಲವೇ ನಿಮಿಷ. ಅಷ್ಟಕ್ಕೇ ಅವಳು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಳು.

ನಿಜವಾದ ಕೆಲಸ ಆಮೇಲಿನದು, ಸದ್ದಿಲ್ಲದ್ದು. ಟ್ರೇಯಲ್ಲಿ ಸೂಜಿಯಂಥ ಫೈಲುಗಳು ಸಾಲಾಗಿ ನಿಂತಿದ್ದವು. ನೇರಳೆ ಹಿಡಿಯ ಫೈಲಿನ ತುದಿ 0.10 ಮಿಲಿಮೀಟರ್, ಬಿಳಿಯದು 0.15, ಹಳದಿಯದು 0.20. ಕೆಳದವಡೆಯ ಈ ಹಲ್ಲಿಗೆ ಎರಡು ಬೇರು, ಸಾಮಾನ್ಯವಾಗಿ ಮೂರು ನಾಳ. ಡಾಕ್ಟರು ಬೆರಳ ತುದಿಯಲ್ಲೇ ಫೈಲನ್ನು ತಿರುವಿ ಇಳಿಸಿ, ಮೇಲೆಳೆದು, ಒರೆಸಿ, ಮತ್ತೆ ಇಳಿಸಿದರು. ಬೇರಿನ ತುದಿ ತಲುಪಿದ್ದನ್ನು ಒಂದು ಪುಟ್ಟ ಯಂತ್ರ ಬೀಪ್ ಎಂದು ತಿಳಿಸಿತು. ನಡುನಡುವೆ ಬ್ಲೀಚಿಂಗ್ ಪುಡಿಯ ಬಂಧುವಾದ ದ್ರಾವಣದಿಂದ ತೊಳೆತ. ಫೈಲು ತಲುಪದ ಸಂದಿಗೂ ದ್ರಾವಣ ತಲುಪುತ್ತದೆ. ಕೂದಲೆಳೆಯಷ್ಟು ದಾರಿಯಲ್ಲಿ ಅಷ್ಟು ತಾಳ್ಮೆಯಿಂದ ನಡೆಯುವ ಕೈಗಳನ್ನು ನಾನು ಅಕ್ಕಸಾಲಿಗರಲ್ಲಿ ಮಾತ್ರ ನೋಡಿದ್ದೆ.

ಮುಂದಿನ ವಾರ ನಾಳಗಳಿಗೆ ಗುಲಾಬಿ ಬಣ್ಣದ ಕಡ್ಡಿಗಳನ್ನು ತುಂಬಿದರು. ಗಟಾಪರ್ಚಾ, ಮಲಯ ನಾಡಿನ ಮರದ ಹಾಲಿನಿಂದ ಬಂದದ್ದು. ಹಿಂದೆ ಸಮುದ್ರದಡಿಯ ತಂತಿಗಳಿಗೆ ಹೊದಿಸುತ್ತಿದ್ದುದೂ ಇದನ್ನೇ. ಒಳಗೆಲ್ಲ ಕೊರೆದ ಹಲ್ಲು ಕಡಲೆ ಕಡಿದರೆ ಸೀಳೀತು, ಅದಕ್ಕೇ ಮೇಲೊಂದು ಕ್ಯಾಪು. ಖರ್ಚು ಕೀಳಿಸುವುದಕ್ಕಿಂತ ಹಲವು ಪಟ್ಟು, ಅದನ್ನು ಮುಚ್ಚಿಡಬಾರದು. ಕೈಲಾಗದವರು ಹಲ್ಲು ಕೀಳಿಸುವ ಮೊದಲು ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಂಥ ಕಡೆ ಒಮ್ಮೆ ವಿಚಾರಿಸಲಿ.

ಹಲ್ಲುಜ್ಜಲು ಬಳಸುತ್ತಿದ್ದ ಇದ್ದಿಲು ಪುಡಿ ಬಿಡಬೇಕೆಂದು ಡಾಕ್ಟರು ಹೇಳಿದಾಗ ಚಿಕ್ಕಮ್ಮನಿಗೆ ಬೇಸರವಾಯಿತು. ಆ ಪುಡಿ ಎನಾಮಲ್ಲನ್ನು ಸವೆಸುತ್ತದೆ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು, ಎರಡು ನಿಮಿಷ ಮೆಲ್ಲಗೆ ಉಜ್ಜಬೇಕು. ರಾತ್ರಿಯದಂತೂ ತಪ್ಪಿಸಲೇಬಾರದು, ನಿದ್ದೆಯಲ್ಲಿ ಹಲ್ಲು ತೊಳೆಯಲು ಜೊಲ್ಲು ಕಡಿಮೆ. ಪ್ಲಾಸ್ಟಿಕ್ ದವಡೆಯ ಮೇಲೆ ಅವಳಿಂದಲೇ ಮಾಡಿಸಿ ನೋಡಿದರು.

ಕ್ಯಾಪು ಕೂರಿಸಿದ ದಿನ ಹೊರಗಿನ ಬೆಂಚಿನಲ್ಲಿ ಎಂಟು ವರ್ಷದ ಹುಡುಗನೊಬ್ಬ ಅಮ್ಮನ ತೋಳಿಗೆ ಒರಗಿದ್ದ. ತೀರಾ ಹಿಂದಿನ ದವಡೆ ಹಲ್ಲು ಹುಳುಕಾಗಿದೆಯಂತೆ. "ಹಾಲುಹಲ್ಲು, ಬಿದ್ದುಹೋಗುತ್ತೆ ಬಿಡಿ" ಎಂದಳು ತಾಯಿ. ಆರನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಬರುವ ಆ ಹಲ್ಲು ಬಿದ್ದುಹೋಗುವುದಲ್ಲ, ಕಡೆಯವರೆಗೂ ಅದೇ ಇರಬೇಕಾದದ್ದು. ನಾನು ಹೇಳಬೇಕೆನ್ನುವಷ್ಟರಲ್ಲಿ ಅವಳು ಎದ್ದಳು. "ನಿನ್ನೆಯಿಂದ ನೋವೇ ಇಲ್ವಂತೆ. ಇಷ್ಟೊಂದು ಜನ ಇದಾರೆ, ಇನ್ನೊಂದಿನ ಬರ್ತೀವಿ."

ಚಿಕ್ಕಮ್ಮ ತನ್ನ ಚೀಲವನ್ನು ಬೆಂಚಿನಿಂದ ಎತ್ತಿ ಮಡಿಲಿಗಿಟ್ಟುಕೊಂಡು ಜಾಗ ಮಾಡಿದಳು. ಅಂದಳು: "ಕೂತ್ಕೊ ತಾಯಿ. ನಂದೂ ಹಿಂಗೇ ನಿಂತಿತ್ತು."