ಬಾಗಿಲು ಮೇಲಕ್ಕೇ ಏಕೆ ಏರುತ್ತದೆ?

ಡೂಮ್ ಎಂಬ ಗಣಕದ ಆಟವನ್ನು ಆಡಿ ಬಲ್ಲವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅಲ್ಲಿನ ಯಾವ ಬಾಗಿಲೂ ನಮ್ಮ ಮನೆಯ ಬಾಗಿಲಿನಂತೆ ತಿರುಗಣಿಯ ಮೇಲೆ ತಿರುಗಿ ತೆರೆಯುವುದಿಲ್ಲ. ಅಂಗಡಿಯ ಷಟರಿನಂತೆ ಮೇಲಕ್ಕೇರುವುದು. ಕೆಲವೆಡೆ ಗೋಡೆಯೇ ನೆಲದೊಳಕ್ಕೆ ಇಳಿಯುವುದೂ ಉಂಟು. ಇದು ರಚಿಸಿದವರ ಲಹರಿಯೆಂದು ತೋರಬಹುದು. ಆದರೆ ನಿಜವಾದ ಕಾರಣವು ಆ ಆಟದ ನಕ್ಷೆಯಲ್ಲಿಯೇ ಅಡಗಿದೆ.

ಅಮೆರಿಕೆಯ ಇಡ್ ಸಾಫ್ಟ್‌ವೇರ್ ಸಂಸ್ಥೆಯು ಡೂಮನ್ನು ಹೊರತಂದುದು 1993ರ ಡಿಸೆಂಬರಿನಲ್ಲಿ. 1992ರಲ್ಲಿ ಅದೇ ಸಂಸ್ಥೆ ಹೊರತಂದಿದ್ದ ವುಲ್ಫನ್‌ಸ್ಟೈನ್ 3ಡಿ ಆಟದ ನಕ್ಷೆಯು ಚದುರಂಗದ ಹಾಸಿನಂತೆ ಉದ್ದಕ್ಕೆ 64, ಅಗಲಕ್ಕೆ 64 ಚೌಕಗಳ ಜಾಲವಾಗಿತ್ತು. ಗೋಡೆಗಳೆಲ್ಲ ಲಂಬಕೋನದಲ್ಲಿ, ನೆಲವೆಲ್ಲ ಒಂದೇ ಮಟ್ಟದಲ್ಲಿ. ಡೂಮಿನಲ್ಲಿ ಚೌಕಗಳು ಹೋಗಿ ಸೆಕ್ಟರುಗಳು ಬಂದವು. ನಾವು ಇವನ್ನು ವಲಯಗಳೆನ್ನೋಣ.

ಲೆವೆಲ್ ಎಡಿಟರ್ ಎಂಬ ನಕ್ಷೆ ರಚಿಸುವ ಸಾಧನವನ್ನು ತೆರೆದರೆ, ಕಾಣುವುದು ಮೇಲಿನಿಂದ ನೋಡಿದ ಸಮತಟ್ಟಾದ ರೇಖಾಚಿತ್ರ ಮಾತ್ರ. ರೇಖೆಗಳು ಸುತ್ತುವರಿದು ಮುಚ್ಚಿದ ಪ್ರತಿಯೊಂದು ಆಕೃತಿಯೂ ಒಂದು ವಲಯ. ಅದಕ್ಕೆ ನೆಲದ ಎತ್ತರ, ಛಾವಣಿಯ ಎತ್ತರ, ಅವೆರಡರ ಮೇಲ್ಮೈ ಚಿತ್ರಗಳು, 0ಯಿಂದ 255ರವರೆಗಿನ ಬೆಳಕಿನ ಪ್ರಮಾಣ ಇವಿಷ್ಟನ್ನು ಬರೆದಿಡಬೇಕು. ಎತ್ತರವು ಚಿತ್ರದಲ್ಲಿಲ್ಲ, ಅಂಕೆಯಲ್ಲಿದೆ! ಮೆಟ್ಟಿಲು ಬೇಕಾದರೆ ಒಂದೊಂದು ಮೆಟ್ಟಿಲನ್ನೂ ಒಂದೊಂದು ವಲಯವಾಗಿಸಿ ನೆಲವನ್ನು ಕ್ರಮವಾಗಿ ಏರಿಸುತ್ತ ಹೋಗಬೇಕು. ಏರಿಕೆಯು 24 ಮಾನಗಳನ್ನು ಮೀರಿದರೆ ಆಟಗಾರನು ಹತ್ತಲಾರ. ನೆಲವನ್ನೆತ್ತಿ ಛಾವಣಿಯನ್ನಿಳಿಸಿದ ಕಿರಿದಾದ ವಲಯವೇ ಕಿಟಕಿ. ಕಿಟಕಿಯ ಬೆಳಕು ನೆಲದ ಮೇಲೆ ಬೀಳಬೇಕೆ? ಆ ಬೆಳಕಿನ ಆಕಾರದಲ್ಲಿ ಇನ್ನೊಂದು ವಲಯವನ್ನು ಗೆರೆಯೆಳೆದು ಬೇರ್ಪಡಿಸಬೇಕು. ಛಾವಣಿಯು ನೆಲಕ್ಕೆ ತಾಗಿರುವ ವಲಯವೇ ಬಾಗಿಲು.

ಇಷ್ಟು ಸಂಕೋಚವೇಕೆ? ಗಣಕಕ್ಕೆ ಕಷ್ಟವಾದುದು ಗೋಡೆಯನ್ನು ಚಿತ್ರಿಸುವುದಲ್ಲ, ಯಾವ ಗೋಡೆಯು ಯಾವುದರ ಮುಂದಿದೆಯೆಂದು ಅರಿಯುವುದು. ಆಟವು ಸರಾಗವಾಗಿ ಸಾಗಬೇಕಾದರೆ ಈ ನಿರ್ಣಯವು ಸೆಕೆಂಡಿಗೆ 35 ಸಲದವರೆಗೆ ಆಗಬೇಕು. ಅಂದಿನ ಮನೆಯ ಗಣಕಗಳಿಗೆ ಇದು ಸಾಮಾನ್ಯವಾದ ಹೊರೆಯಲ್ಲ. ಆಟದ ಕ್ರಮವಿಧಿಯನ್ನು ಬರೆದ ಜಾನ್ ಕಾರ್ಮ್ಯಾಕ್ ಇದಕ್ಕೆ ಫುಕ್ಸ್, ಕೆಡೆಮ್, ನೇಲರ್ ಎಂಬ ಮೂವರು 1980ರಲ್ಲಿ ಪ್ರಕಟಿಸಿದ್ದ ಉಪಾಯವನ್ನು ಬಳಸಿಕೊಂಡರು. ನಕ್ಷೆಯ ಯಾವುದಾದರೊಂದು ಗೋಡೆಯನ್ನು ಎರಡೂ ಕಡೆಗೆ ಬೆಳೆಸಿದರೆ ನಕ್ಷೆಯು ಎರಡಾಗುವುದು. ಒಂದೊಂದು ಭಾಗವನ್ನೂ ಹೀಗೆಯೇ ಮತ್ತೆ ಸೀಳುತ್ತ ಹೋದರೆ, ಒಳಗೆ ಎಲ್ಲಿ ನಿಂತರೂ ತನ್ನ ಎಲ್ಲ ಗೋಡೆಗಳೂ ಕಾಣುವಂಥ ಸರಳವಾದ ತುಂಡುಗಳು ಉಳಿಯುವುವು. ಈ ಸೀಳುವಿಕೆಯ ಕ್ರಮವನ್ನು ಕವಲೊಡೆದ ಮರದಂತೆ ಬರೆದಿಡುವರು. ಆಡುವಾಗ ಗಣಕವು ಪ್ರತಿ ಕವಲಿನಲ್ಲಿಯೂ ಆಟಗಾರನು ಗೆರೆಯ ಯಾವ ಪಕ್ಕದಲ್ಲಿದ್ದಾನೆಂದು ಕೇಳಿ, ಆ ಪಕ್ಕವನ್ನು ಮೊದಲು, ಆಚೆಯದನ್ನು ಅನಂತರ ಚಿತ್ರಿಸುವುದು. ಹತ್ತಿರದ ಗೋಡೆಯು ತುಂಬಿದ ಜಾಗದಲ್ಲಿ ದೂರದ ಗೋಡೆಯನ್ನು ಬರೆಯುವ ಪ್ರಮೇಯವೇ ಇಲ್ಲ.

ಈ ಮರವನ್ನು ನಕ್ಷೆ ಮುಗಿದೊಡನೆ ಒಮ್ಮೆ ಕಟ್ಟಿದರೆ ಸಾಕು. ಆದರೆ ಗೋಡೆಯ ರೇಖೆಯೊಂದು ಕದಲಿತೋ, ಮರವು ಸುಳ್ಳಾಗುವುದು. ತಿರುಗಣಿಯ ಬಾಗಿಲು ಕದಲುವ ರೇಖೆಯೇ ತಾನೆ! ಎತ್ತರವಾದರೋ ಮರದಲ್ಲಿ ಸೇರಿಲ್ಲ. ಛಾವಣಿಯ ಅಂಕೆಯನ್ನು ಬದಲಿಸಿದರೆ ಬಾಗಿಲು ಏರುವುದು, ಮರಕ್ಕೆ ಬಾಧೆಯಿಲ್ಲ.

ವಲಯದಿಂದ ಇನ್ನೊಂದು ಲಾಭವೂ ಇದೆ. ಯಾವ ವಲಯದಿಂದ ಯಾವುದು ಕಾಣದೆಂಬ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಬಹುದು. 200 ವಲಯಗಳಿದ್ದರೆ 40,000 ಬಿಟ್, ಎಂದರೆ 5,000 ಬೈಟ್ ಮಾತ್ರ. ಆಟದ ರಾಕ್ಷಸನಿಗೆ ಆಟಗಾರನು ಕಾಣುವನೇ ಎಂದು ಲೆಕ್ಕಹಾಕುವ ಶ್ರಮ ಎಷ್ಟೋ ಸಲ ತಪ್ಪುವುದು.

ನಷ್ಟವೂ ಉಂಟು. ನಕ್ಷೆಯ ಒಂದು ಬಿಂದುವಿಗೆ ಒಂದೇ ವಲಯವಾದುದರಿಂದ, ಮೇಲೂ ನಡೆದು ಕೆಳಗೂ ನುಸುಳಬಲ್ಲ ಸೇತುವೆಯನ್ನಾಗಲಿ, ಮಹಡಿಯ ಮನೆಯನ್ನಾಗಲಿ ಕಟ್ಟುವಂತಿರಲಿಲ್ಲ. 1996ರಲ್ಲಿ ಬಂದ ಕ್ವೇಕ್ ಈ ಪದ್ಧತಿಯನ್ನೇ ಬಿಟ್ಟು ಘನಾಕೃತಿಗಳಿಂದ ಲೋಕವನ್ನು ಕಟ್ಟಿತು. ಅದಕ್ಕೂ ಮುನ್ನ, 1995ರಲ್ಲಿ, ಡೂಮಿನ ಕ್ರಮವಿಧಿಯನ್ನೇ ತಿದ್ದಿ ರಚಿಸಿದ ಹೆಕ್ಸೆನ್ ಎಂಬ ಆಟದಲ್ಲಿ ತಿರುಗುವ ಬಾಗಿಲು ಕಾಣಿಸಿಕೊಂಡಿತು. ಆದರೆ ಅದು ಸೀಳಿದ ತುಂಡುಗಳಲ್ಲಿ ಒಂದರೊಳಗೇ ತಿರುಗಬೇಕಾಗಿತ್ತು. ಗೆರೆ ದಾಟಿದರೆ ಚಿತ್ರ ಕೆಡುತ್ತಿತ್ತು.