ಟ್ರಕ್ಕಿನ ಎಚ್ಚರಿಕೆ ಗಂಟೆ: ಚಾಲಕ ನಂಬಿದರಷ್ಟೇ ಉಪಯೋಗ

ಗಂಟೆಗೆ 90 ಕಿ.ಮೀ. ವೇಗದಲ್ಲಿ ಸಾಗುವ ಟ್ರಕ್ ಒಂದೇ ಸೆಕೆಂಡಿನಲ್ಲಿ 25 ಮೀಟರ್ ಕ್ರಮಿಸುತ್ತದೆ. ಸರಕು ಸೇರಿ 36 ಟನ್ ತೂಗುವ ಅಂಥ ವಾಹನ ಬ್ರೇಕ್ ಒತ್ತಿದ ಮೇಲೂ ಬಹುದೂರ ಹೋಗಿಯೇ ನಿಲ್ಲುವುದು. ಡಿಕ್ಕಿಯ ಅಪಾಯವನ್ನು ಒಂದೆರಡು ಸೆಕೆಂಡು ಮೊದಲೇ ತಿಳಿಸುವ ಸಾಧನಕ್ಕೆ ಬೆಲೆ ಬಂದಿರುವುದು ಇದರಿಂದಲೇ. ಆದರೆ ಸಾಧನ ಕೂಗಿದಾಗ ಚಾಲಕ ಕಿವಿಗೊಡುತ್ತಾನೆಯೇ?

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಾರಿಗೆ ಸಂಶೋಧನಾ ಸಂಸ್ಥೆ ಈ ಪ್ರಶ್ನೆಯನ್ನು 2009ರಲ್ಲಿ ನೇರವಾಗಿ ಹೆದ್ದಾರಿಗೇ ಒಯ್ದಿತು. ಕಾನ್‌ವೇ ಫ್ರೈಟ್ ಎಂಬ ಸರಕು ಸಾಗಣೆ ಕಂಪನಿಯ 18 ಚಾಲಕರು ಸಾಧನ ಅಳವಡಿಸಿದ 10 ಟ್ರಕ್‌ಗಳನ್ನು ಹತ್ತು ತಿಂಗಳು ತಮ್ಮ ನಿತ್ಯದ ದುಡಿಮೆಯಲ್ಲಿಯೇ ಓಡಿಸಿದರು. ಕ್ರಮಿಸಿದ ದೂರ ಒಂಬತ್ತೂವರೆ ಲಕ್ಷ ಕಿ.ಮೀ.ಗೂ ಅಧಿಕ. ಮುಂದಿನ ವಾಹನಕ್ಕೆ ತೀರಾ ಸಮೀಪಿಸಿದಾಗ, ಅರಿವಿಲ್ಲದೆ ಪಥ ತಪ್ಪಿದಾಗ, ಪಕ್ಕದಲ್ಲಿ ವಾಹನವಿದ್ದೂ ಪಥ ಬದಲಿಸಹೊರಟಾಗ ಸಾಧನ ಎಚ್ಚರಿಸುತ್ತಿತ್ತು.

ಪರೀಕ್ಷೆಯ ಜಾಣ್ಮೆಯಿದ್ದುದು ಮೊದಲ ಎರಡು ತಿಂಗಳಲ್ಲಿ. ಆಗ ಸಾಧನ ಎಲ್ಲವನ್ನೂ ದಾಖಲಿಸಿಕೊಂಡಿತೇ ಹೊರತು ತುಟಿಪಿಟಕ್ಕೆನ್ನಲಿಲ್ಲ. ಉಳಿದ ಎಂಟು ತಿಂಗಳು ಮಾತ್ರ ಚಾಲಕನಿಗೆ ಎಚ್ಚರಿಕೆ ಕೇಳಿಸಿತು. ಹೀಗಾಗಿ ಅದೇ ಚಾಲಕನನ್ನು ಅವನೊಂದಿಗೇ ಹೋಲಿಸಲು ಸಾಧ್ಯವಾಯಿತು. ಮುಂದಿನ ವಾಹನದೊಡನೆ ಅಂತರ ಕುಗ್ಗಿದಾಗ ಚಾಲಕರು ಮೊದಲಿಗಿಂತ ಬೇಗ ಸ್ಪಂದಿಸಿದ್ದು ಕಂಡುಬಂತು. ಪಥ ತಪ್ಪುವ ಪ್ರಮಾಣದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ.

ತೊಡಕು ಬಂದದ್ದು ಸುಳ್ಳು ಎಚ್ಚರಿಕೆಗಳಿಂದ. ರೇಡಾರ್ ಅಲೆಗಳು ಎದುರಿನ ವಸ್ತುವಿಗೆ ತಾಗಿ ಮರಳುವುದರಿಂದ ಅದರ ದೂರ ಮತ್ತು ವೇಗ ತಿಳಿಯುತ್ತದೆ. ಆದರೆ ದಾರಿಗಡ್ಡ ನಿಂತ ವಾಹನ ಯಾವುದು, ತಲೆಯ ಮೇಲೆ ಹಾದುಹೋಗುವ ಮೇಲ್ಸೇತುವೆ ಯಾವುದು ಎಂಬ ವಿವೇಚನೆ ಅದಕ್ಕೆ ಸುಲಭವಲ್ಲ. ದಿನವೂ ಅದೇ ದಾರಿಯಲ್ಲಿ ಸಾಗುವ ಚಾಲಕನಿಗೆ ಅದೇ ಸೇತುವೆಯ ಬಳಿ ಅದೇ ಕೂಗು! ತೋಳ ಬಂತೆಂದು ಸುಳ್ಳೇ ಕೂಗಿದ ಹುಡುಗನ ಕಥೆಯಾದೀತು. ಎಚ್ಚರಿಕೆ ಅಸಡ್ಡೆಗೀಡಾದರೆ ನಿಜವಾದ ಅಪಾಯದ ಕೂಗೂ ವ್ಯರ್ಥ.

ಇಂಥ ಸ್ಥಿರ ವಸ್ತುಗಳಿರುವ ಜಾಗಗಳನ್ನು ಗುರುತಿಸಿ, ಅಲ್ಲಿ ಸಾಧನ ಸುಮ್ಮನಿರುವಂತೆ ಮಾಡಬೇಕೆಂದು ಸಂಶೋಧಕರು ಸೂಚಿಸಿದರು. ಇಷ್ಟೆಲ್ಲ ಕಿರಿಕಿರಿಯ ನಡುವೆಯೂ 18 ಚಾಲಕರಲ್ಲಿ 15 ಮಂದಿ ಸಾಧನವಿರುವ ಟ್ರಕ್ಕೇ ತಮಗಿರಲಿ ಎಂದರು.